ದೋಣಿಗೆ ಹಾಸಿಗೆ ಬೇಡ, ನೀರು ಬೇಕು

ಸಮುದ್ರ ಇಳಿಯಿತೆಂದರೆ ನಮ್ಮ ಬಂದರಿನ ದೋಣಿಗಳು ಕೆಸರಿನ ಮೇಲೆ ವಾಲಿಕೊಂಡು ಕೂರುತ್ತವೆ. ಹೊರಗೆ ಹೋದವು ಒಳಗೆ ಬರುವಂತಿಲ್ಲ. ಮತ್ತೆ ಉಬ್ಬರ ಬರುವ ತನಕ ಕಾಯಬೇಕು. ಅಷ್ಟರಲ್ಲಿ ಹರಾಜು ಮುಗಿದು, ಹಿಡಿದ ಮೀನು ಕೇಳಿದಷ್ಟಕ್ಕೆ ಮಾರಿಹೋಗುತ್ತದೆ.

ಸಾಲಿನ ಕೊನೆಯ ದೋಣಿ ಸಾಹುಕಾರನದು. ಸಾಹುಕಾರ ಎನ್ನುವುದು ಅಡ್ಡಹೆಸರು. ಇರುವುದು ಒಂದೇ ದೋಣಿ, ಮಾತು ಮಾತ್ರ ಹತ್ತು ದೋಣಿಯದು. ಅವನ ತಂಗಿ ದೋಣಿಯವರ ಸಂಘದಲ್ಲಿ ಹೂಳೆತ್ತುವ ಕೆಲಸ ನೋಡಿಕೊಳ್ಳುತ್ತಾಳೆ. ಒಂದು ದಿನ ಅಣ್ಣ ಊಟಕ್ಕೆ ಕೂತಿದ್ದಾಗಲೇ ಬಂದಳು.

"ಅಣ್ಣಾ, ಹೂಳೆತ್ತೋ ಯಂತ್ರ ಸೋಮವಾರ ಬರ್ತಿದೆ. ಅಷ್ಟರೊಳಗೆ ನಿನ್ನ ದೋಣಿ ಕೆಳಗಿರೋ ಹಾಸಿಗೆ ತೆಗೀಬೇಕು."

ಹಾಸಿಗೆ ಅಂದರೆ ಹರಿದ ಬಲೆ, ಹಳೇ ಹಗ್ಗ. ದೋಣಿಯ ತಳ ನೆಲಕ್ಕೆ ಉಜ್ಜದಿರಲಿ ಎಂದು ಇಲ್ಲಿ ಎಲ್ಲರೂ ಅದನ್ನು ದೋಣಿಯಡಿ ತುಂಬುತ್ತಾರೆ. ಈ ಬುದ್ಧಿ ಮೊದಲು ಯಾರಿಗೆ ಹೊಳೆಯಿತೋ, ಅವರನ್ನು ಒಮ್ಮೆ ಕಾಣಬೇಕು ನಾನು!

ಅಣ್ಣ ನಕ್ಕ. "ಕಲ್ಲುಮಣ್ಣು ನುಂಗೋ ಯಂತ್ರಕ್ಕೆ ಹರಕು ಬಲೆ ಯಾವ ಲೆಕ್ಕ? ವಂತಿಗೆ ಕೊಟ್ಟಿದ್ದೀನಿ. ಮೈ ಬಗ್ಗಿಸೋ ಕೆಲಸಾನೂ ನಂದೇನಾ?"

"ಮಣ್ಣು ನುಂಗುತ್ತೆ, ಬಲೆ ನುಂಗಲ್ಲ. ಕೊಳವೆಗೆ ಸಿಕ್ಕೊಂಡ್ರೆ ಯಂತ್ರ ನಿಲ್ಸಿ, ಆಳು ಇಳಿದು ಕೊಯ್ದು ಬಿಡಿಸ್ಬೇಕು. ಯಂತ್ರ ನಿಂತ್ರೂ ಬಾಡಿಗೆ ನಿಲ್ಲಲ್ಲ. ಹೂಳು ಸಾಗಿಸೋಕೆ ಬಂದ ಲಾರಿಗಳೂ ದಡದಲ್ಲಿ ಸುಮ್ನೆ ನಿಂತಿರ್ತವೆ. ಅವಕ್ಕೂ ದುಡ್ಡು ಕೊಡ್ಬೇಕು."

"ಸಂಘ ಕೊಡುತ್ತೆ ಬಿಡು."

"ಸಂಘ ಅಂದ್ರೆ ಯಾರು? ನಾವೇ ತಾನೆ? ಇನ್ನೂ ಕೇಳು. ಯಂತ್ರ ಇಲ್ಲಿರೋದು ಒಂದೇ ವಾರ, ಆಮೇಲೆ ಬೇರೆ ಬಂದರಿಗೆ ಹೋಗುತ್ತೆ. ಕೆಲಸ ಶುರುವಾಗೋದು ಸಮುದ್ರದ ಕಡೆಯಿಂದ. ಕೊನೇ ಜಾಗ ಯಾರ್ದು?"

ಅಣ್ಣನ ತುತ್ತು ಕೈಯಲ್ಲೇ ಉಳಿಯಿತು. "ನಂದು."

"ಎಲ್ರೂ ನಿನ್ನ ಥರಾನೇ ಅಂದು, ಬಲೆ ಬಿಡಿಸೋದ್ರಲ್ಲೇ ವಾರ ಕಳೆದ್ರೆ ನಿನ್ನ ದೋಣಿ ಕೆಸರಲ್ಲೇ!"

ಗಂಡನಿಗೆ ಬಡಿಸುತ್ತಿದ್ದ ಅತ್ತಿಗೆ ಸೌಟು ಕೆಳಗಿಟ್ಟಳು. "ಹರಾಜು ಮುಗಿದ್ಮೇಲೆ ಬುಟ್ಟಿ ಹೊತ್ಕೊಂಡು ಕಂಡಕಂಡವರ ಮುಂದೆ ಹಲ್ಲು ಗಿಂಜೋಳು ನಾನು. ಹಾಸಿಗೆ ಹಾಸಿ ಮಲಗಿಸೋಕೆ ಅದೇನು ದೋಣಿನೋ ಬಾಣಂತಿನೋ? ದೋಣಿಗೆ ನೀರು ಬೇಕು. ಏಳಿ!"

ಉಬ್ಬರದಲ್ಲಿ ದೋಣಿಯನ್ನು ಆಚೆ ದಡಕ್ಕೆ ಕಟ್ಟಿ ಬಂದರು. ನೀರು ಇಳಿದ ಮೇಲೆ ಮೂವರೂ ಮೊಣಕಾಲುದ್ದ ಕೆಸರಿಗೆ ಇಳಿದರು. ಕೈಯಲ್ಲಿ ಎಳೆದರೆ ಹಾಸಿಗೆ ಜಪ್ಪಯ್ಯ ಅನ್ನಲಿಲ್ಲ. ಹಗ್ಗ ಬಿಗಿದು ದಡದ ರಾಟೆಯಿಂದ ಎಳೆದಾಗ ಬಂತು, ಒಂದು ಗುಡ್ಡೆ ಹೂಳನ್ನು ತಬ್ಬಿಕೊಂಡೇ ಬಂತು. ಇಳಿಯುವ ನೀರಿನ ಜೊತೆ ಹೋಗಬೇಕಾದ ಕೆಸರನ್ನು ಬಲೆ ಹಿಡಿದಿಟ್ಟಿತ್ತು.

ಅಣ್ಣ ಹಣೆ ಚಚ್ಚಿಕೊಂಡ. "ಥೂ, ಮೀನು ಹಿಡಿಯೋ ಬಲೇಲಿ ಇಷ್ಟು ವರ್ಷ ಹೂಳು ಹಿಡಿದ್ವಲ್ಲ!"

ಕೈ ಕೂಡ ತೊಳೆಯದೆ ಅವನು ಪಕ್ಕದ ದೋಣಿಯವನ ಬಾಗಿಲು ತಟ್ಟಿದ. "ಏಳಪ್ಪಾ, ನಿನ್ನ ಹಾಸಿಗೆ ಎತ್ತು! ಅದು ಎದ್ರೇನೇ ನನ್ನ ದೋಣಿ ತೇಲೋದು."

ಯಾರು ಬೈದರೂ ಅವನು ಬಿಡಲಿಲ್ಲ. ಸೋಮವಾರದ ಹೊತ್ತಿಗೆ ಇಡೀ ಸಾಲು ಖಾಲಿಯಾಗಿತ್ತು. ವಾರದ ಕೊನೆಗೆ ಯಂತ್ರ ಅವನ ಜಾಗಕ್ಕೂ ಬಂತು. ಮರುದಿನ ಇಳಿತದಲ್ಲೂ ದೋಣಿ ನೆಟ್ಟಗೆ ತೇಲುತ್ತಿತ್ತು. ಅತ್ತಿಗೆಯ ಬುಟ್ಟಿ ಹರಾಜಿನಲ್ಲಿ ಎಲ್ಲರಿಗಿಂತ ಮುಂದಿತ್ತು.

ದೋಣಿಯ ಅಣ್ಣಂದಿರೇ, ಅಕ್ಕಂದಿರೇ, ಯಂತ್ರ ಬರುವ ಮೊದಲೇ ನಿಮ್ಮ ದೋಣಿಯಡಿಯ ಬಲೆ, ಹಗ್ಗ ಎತ್ತಿ ದಡಕ್ಕೆ ಹಾಕಿ. ಹೇಳಿದ ದಿನ ದೋಣಿ ಸರಿಸಿ ಜಾಗ ಬಿಡಿ. ಹರಿದ ಬಲೆಯನ್ನು ಮತ್ತೆಂದೂ ನೀರಿಗೆ ಹಾಕಬೇಡಿ. ನೀವು ಬೆವರು ಸುರಿಸಿ ಕೊಟ್ಟ ವಂತಿಗೆ ಹೂಳೆತ್ತುವುದಕ್ಕೇ ಹೋಗಲಿ. ನಾಳೆ ಎನ್ನಬೇಡಿ, ಇವತ್ತಿನ ಇಳಿತಕ್ಕೇ ಕೆಸರಿಗೆ ಇಳಿಯಿರಿ.