ಹಕ್ಕಲ ತೆನೆ

ಬೆನ್ನು, ಬರೀ ಬೆನ್ನು, ಕೊಯ್ದ ಜೋಳದ ಕೂಳೆಗಳ ನಡುವೆ ಏಳುತ್ತ ಬಾಗುತ್ತ ಹೊರಟಿದೆ, ಮೊದಲು ಕರು ಅಂದುಕೊಂಡೆ, ಕರುವಿಗೆ ಹಸಿರು ಸೀರೆ ಯಾರು ಉಡಿಸುತ್ತಾರೆ ಮಂಕೇ, ಮಂಚಿಕೆಯ ಮೇಲಿಂದ ಎಲ್ಲವೂ ಸಣ್ಣದು, ಹಕ್ಕಿ ಕಾಯಲು ಕಟ್ಟಿದ ಮಂಚಿಕೆ, ಈಗ ಮನುಷ್ಯರನ್ನು ಕಾಯಲು — ಭಾಗ್ಯಾ, ಹೋದ ವಾರ ಅರ್ಧ ರಾಶಿ ತೆನಿ ಹೊತ್ಕೊಂಡ ಹೋಗ್ಯಾರ, ಈ ವರ್ಷ ಹಕ್ಕಲ ಬಂದ್, ಯಾರರ ಹೊಕ್ಕರ ಬರೇ ಒಂದ್ ಫೋನ್ ಮಾಡು, ಠಾಣಾಕ್ಕ ನಾ ಒಯ್ತೇನಿ — ಅಪ್ಪನ ಮಾತು, ಮಾಡಿದೆ ಫೋನ್, ಅಪ್ಪಾ ಯಾರೋ ಹೊಕ್ಕಾರ, ಮುಗೀತು, ಅಷ್ಟೇ ಕೆಲಸ, ಆಮೇಲೆ ಆ ಬೆನ್ನು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಯಿತು, ತಿರುಗಿತು, ಪ್ಯಾರಿಬಿ.

ನಮ್ಮ ಹಿಂದಿನ ಓಣಿಯ ಪ್ಯಾರಿಬಿ, ಯುದ್ಧ ಶುರುವಾಗಿ ಡಾಕ್ಟರ್ ಓದು ಅರ್ಧಕ್ಕೇ ಬಿಟ್ಟು ನಾನು ಖಾರ್ಕಿವ್‌ನಿಂದ ಹಿರೋಳ್ಳಿಗೆ ಓಡಿಬಂದಾಗ ಊರೆಲ್ಲ ನನ್ನನ್ನು ಸೆಲ್ಫಿಗೆ ನಿಲ್ಲಿಸಿತು, ಉಪ್ಪು ಮೆಣಸಿನಕಾಯಿ ನಿವಾಳಿಸಿದವಳು ಇವಳೊಬ್ಬಳೇ, ಬಾಂಬಿನ ಕಣ್ಣ ಬಿದ್ದಾವ ನನ್ನ ಬೇಟಿಗೆ, ಒಲೆಗೆ ಎಸೆದಳು, ಘಾಟಿಗೆ ಇಬ್ಬರೂ ಕೆಮ್ಮಿ ಕೆಮ್ಮಿ ನಕ್ಕೆವು, ಹತ್ತು ದಿನದ ಮೇಲೆ ನಕ್ಕಿದ್ದೆ ನಾನು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಹೊಲವಿಲ್ಲದವರದು, ಅದೇ ಹಕ್ಕಲ, ಅಜ್ಜಿ ಸುಭದ್ರಾಬಾಯಿ ಇವಳಿಗೆಂದೇ ನಾಲ್ಕು ತೆನೆ ಬೇಕಂತಲೇ ಕೆಡವಿ ಬರುತ್ತಿದ್ದಳು, ಕಳವು ಅನ್ನುವ ಮಾತು ಈ ವರ್ಷದ್ದು — ಫೋನ್ ಎತ್ತು ಅಪ್ಪಾ, ಎತ್ತುತ್ತಿಲ್ಲ, ಬೈಕ್ ಮೇಲಿದ್ದಾನೆ, ಖಜೂರಿ ರಸ್ತೆಯ ಕಡೆಯಿಂದ ಸದ್ದು ಆಗಲೇ ಕೇಳುತ್ತಿದೆ.

ಗಲೀನಾ ಅಜ್ಜಿ, ಖಾರ್ಕಿವ್‌ನಲ್ಲಿ ನನ್ನ ಮನೆಯೊಡತಿ, ನವೆಂಬರಿನ ಒಂದು ಶನಿವಾರ ಅಡುಗೆಮನೆಯ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿ ಪಕ್ಕದಲ್ಲಿ ಐದು ಗೋಧಿ ತೆನೆ ಇಟ್ಟಿದ್ದಳು, ಯಾರ ಹುಟ್ಟುಹಬ್ಬ ಅಜ್ಜಿ ಅಂದೆ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ — ಹಸಿದು ಸತ್ತವರಿಗೆ ಮಗಳೇ, ಅಂದಳು ಗಲೀನಾ ಅಜ್ಜಿ, ಕಮ್ಯುನಿಸ್ಟ್ ಸರಕಾರ ಹಳ್ಳಿಗಳ ಕಾಳನ್ನೆಲ್ಲ ಬಾಚಿ ಒಯ್ದ ವರ್ಷ ಅದು, ಹೊಲದಲ್ಲಿ ಬಿದ್ದ ತೆನೆಯೂ ಸರಕಾರದ್ದು, ಆಯ್ದರೆ ಹತ್ತು ವರ್ಷ ಜೈಲು, ಮಕ್ಕಳನ್ನು ಅಟ್ಟಣಿಗೆಯ ಮೇಲೆ ಕಾವಲಿಗೆ ಕೂರಿಸಿದ್ದರು, ನನ್ನ ಅವ್ವನಿಗೆ ಆಗ ಹತ್ತು ವರ್ಷ, ಒಂದು ಬಾಗಿದ ಬೆನ್ನು ಕಂಡಿತು, ಕೂಗಿದಳು, ಬೆನ್ನು ತಿರುಗಿದರೆ ಪಕ್ಕದ ಮನೆಯ ಹಾನ್ನಾ, ಸೊಪ್ಪಿನ ಗಂಜಿ ಕಾಸಿದಾಗಲೆಲ್ಲ ಅವ್ವನಿಗೂ ಒಂದು ಬಟ್ಟಲು ಕೊಡುತ್ತಿದ್ದವಳು, ಮುಷ್ಟಿಯಲ್ಲಿ ಐದು ತೆನೆ, ಒಯ್ದರು, ತಿರುಗಿ ಬರಲಿಲ್ಲ. ಹಾಗೆ ಸತ್ತವರ ಹೆಸರೆತ್ತುವುದೂ ಗುನ್ನೆಯಾಗಿದ್ದ ಕಾಲದಲ್ಲಿ ಅವ್ವ ಈ ದೀಪವನ್ನು ಮೇಜಿನ ಕೆಳಗೆ ಹಚ್ಚುತ್ತಿದ್ದಳಂತೆ, ವರ್ಷಾ ವರ್ಷಾ, ಯಾರಿಗೆಂದು ಬಾಯಿ ಬಿಟ್ಟಿದ್ದು ಸಾಯುವಾಗಲೇ. ಓಡು ಹಾನ್ನಾ ಅನ್ನಬಹುದಿತ್ತಲ್ಲ ಅಂದಿದ್ದೆ ನಾನು, ಬಿಸಿ ಚಹಾ ಊದುತ್ತ, ದೊಡ್ಡ ಶಾಣ್ಯಾಕಿ.

ಈಗ ಅನ್ನು, ಓಡು ಪ್ಯಾರಿಬಿ ಅನ್ನು, ಬೈಕು ಹಳ್ಳ ದಾಟಿತು, ಬಾಯಿ ತೆರೆದಿದೆ, ಓಡು ಅಂದರೆ ಯಾಕ ಬೇಟಿ ಅನ್ನುತ್ತಾಳೆ, ಯಾಕೆಂದರೆ ನಾನೇ ಫೋನ್ ಮಾಡಿದೆ ಅನ್ನಬೇಕು, ಹೇಡಿ, ಹೇಡಿ, ಅವಳನ್ನು ಠಾಣೆಗೆ ಎಳೆಯುವುದಕ್ಕಿಂತ ನಿನ್ನ ನಾಚಿಕೆ ದೊಡ್ಡದಾ — ಅವಳು ನನ್ನನ್ನು ಕಂಡಳು, ತೆರೆದ ಬಾಯಿ ನೋಡಿ ಕರೆಯುತ್ತಿದ್ದೇನೆ ಅಂದುಕೊಂಡಳೋ ಏನೋ, ನಕ್ಕಳು, ಅಯ್ಯ ಬೇಟಿ, ನೀ ಕುಂತೀಯೇನ, ನಾ ಯಾರೋ ಅಂತ ಅಂಜಿದ್ನಿ, ನೋಡಿಲ್ಲಿ, ಒಂದ್ ಹೊತ್ತಿನ ರೊಟ್ಟಿಗಿ ಆತು — ಕೈ ಎತ್ತಿದಳು, ಬೈಕು ನಿಂತಿತು, ಸ್ಟ್ಯಾಂಡ್ ಹಾಕಿದ ಸದ್ದು, ಅಪ್ಪ ಅವಳ ಹಿಂದೆ, ಅವಳ ಕೈ ಇನ್ನೂ ನನ್ನ ಕಡೆಗೇ, ಇಳಿದಿಲ್ಲ, ಮುಷ್ಟಿಯಲ್ಲಿ ತೆನೆ, ಎಣಿಸಬೇಡ ಭಾಗ್ಯಾ, ಎಣಿಸಬೇಡ, ಒಂದು, ಎರಡು, ಮೂರು, ನಾಲ್ಕು, ಐದು