ಯಾರ ಬೆನ್ನ ಮೇಲೆ?

ನನ್ನ ಹೆಸರು ಅಜ್ಜಪ್ಪ. ತೊಟ್ಟಿಲಲ್ಲಿದ್ದಾಗಲೇ ಅಜ್ಜನಾದವನು ನಾನು. ನಿಜವಾದ ಮೊಮ್ಮಗಳು ಬಂದದ್ದು ಮಾತ್ರ ಮೊನ್ನೆ ಮೊನ್ನೆ. ದಾವಣಗೆರೆಯಲ್ಲಿ ಆಟೋಕ್ಕೆ ಮೈಕ್ ಕಟ್ಟಿಕೊಂಡು ಪ್ರಚಾರ ಮಾಡುವುದು ನನ್ನ ಕಸುಬು. ಮಂಡಿಪೇಟೆಯ ಸೀರೆ ರಿಯಾಯಿತಿ, ಕುಕ್ಕುವಾಡದ ನಾಟಕ, ನಾಳೆ ನಲ್ಲಿಯಲ್ಲಿ ನೀರಿಲ್ಲ ಎಂಬ ಸುದ್ದಿ, ಎಲ್ಲಕ್ಕೂ ನನ್ನದೇ ಗಂಟಲು. ಕೊಟ್ಟದ್ದನ್ನು ಓದುತ್ತೇನೆ. ಅರ್ಥ ಮಾಡಿಕೊಳ್ಳುವುದು ಕೇಳುವವರ ಪಾಡು.

ಒಂದು ದಿನ ಯಾವುದೋ ಸಂಸ್ಥೆಯ ಅರುಣ್ ಕುಮಾರ್ ಎಂಬುವರು ಬಂದು ‘ಬುಡಕಟ್ಟು ಸಮುದಾಯಗಳಲ್ಲಿ ಸುರಕ್ಷಿತ ಶಿಶು ನಿದ್ರಾ ಅಭಿಯಾನ’ ಎಂದು ಬರೆದ ಹಾಳೆ ಕೊಟ್ಟರು. ಹರಿಹರದ ಸುತ್ತಲಿನ ನಾಯಕರ ಹಟ್ಟಿಗಳಲ್ಲಿ ಅದನ್ನು ಕೂಗಬೇಕಿತ್ತು. ಮನೆಯಲ್ಲಿ ಗಂಟಲು ಸರಿಮಾಡಿಕೊಂಡು ಓದಿ ನೋಡುತ್ತಿದ್ದೆ. ನನ್ನ ಅವ್ವ ತಿಮ್ಮವ್ವ ಅಡುಗೆಮನೆಯಿಂದ ಕೇಳಿದಳು.

“ಬುಡಕಟ್ಟು ಅಂದ್ರೆ ಯಾರೋ?”

“ನಾವೇ ಅವ್ವಾ. ನಾಯಕರು.”

“ಹಂಗಾರೆ ಮೆತ್ತಗೆ ಓದು. ನಿನ್ನ ಮೊಮ್ಮಗಳು ಈಗಷ್ಟೆ ಮಲಗೈತೆ.”

ನನ್ನ ಹೆಂಡತಿ ತೀರಿಕೊಂಡು ವರ್ಷಗಳಾದವು. ಹಾಗಾಗಿ ಮಗಳು ಸುಷ್ಮಾಳ ಬಾಣಂತನವೆಲ್ಲ ಅವ್ವನದೇ. ಕೂಸಿಗೆಂದು ಹಳೆ ಸೀರೆಗಳನ್ನು ಸೇರಿಸಿ ಒಂದು ಕೌದಿಯನ್ನೂ ಹೊಲಿದಿದ್ದಳು. ಅದು ಎಷ್ಟು ದಪ್ಪವಿತ್ತೆಂದರೆ, ಹೊದಿಸಿದ ಮೇಲೆ ಕೂಸು ಎಲ್ಲಿದೆ ಎಂದು ಹುಡುಕಬೇಕಿತ್ತು.

ಮರುದಿನ ಬೆಳಿಗ್ಗೆ ಹರಿಹರದ ಹಟ್ಟಿಯೊಂದಕ್ಕೆ ಹೋದೆ. “ಶಿಶುವನ್ನು ಸದಾ ಬೆನ್ನಿನ ಮೇಲೆ ಮಲಗಿಸಿ! ದಿಂಬು, ದಪ್ಪ ಹೊದಿಕೆಗಳನ್ನು ದೂರವಿಡಿ!” ಎಂದು ಬೀದಿ ನಡುಗುವ ಹಾಗೆ ಕೂಗಿದೆ. ಭೀಮವ್ವ ಎಂಬ ಹೆಂಗಸು ಆಟೋ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮೊದ್ಲು ಅದನ್ನ ಬಂದ್ ಮಾಡಪ್ಪ. ಚೆಂದ ಮಲಗಿದ್ದ ಕೂಸನ್ನ ಎಬ್ಬಿಸಿಬಿಟ್ಟು ಮಲಗಿಸ್ರಿ ಅಂತೀಯಲ್ಲ! ಅದೂ ಇರ್ಲಿ, ಬೆನ್ನ ಮ್ಯಾಲೆ ಅಂದ್ರೆ ಯಾರ ಬೆನ್ನ ಮ್ಯಾಲೆ?”

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಆದರೆ ಮೈಕ್ ಹಿಡಿದವನು ಗೊತ್ತಿಲ್ಲ ಎನ್ನುವುದುಂಟೆ?

“ಮನೆ ಹಿರೇರ ಬೆನ್ನ ಮ್ಯಾಲೆ” ಎಂದೆ. “ಮೈ ಕಾವು ಸಿಗ್ತೈತೆ ನೋಡ್ರಿ. ಡಾಕ್ಟರೇ ಹೇಳ್ಯಾರ.”

ಯಾವ ಡಾಕ್ಟರು ಎಂದು ಅವಳು ಕೇಳುವ ಮೊದಲೇ ಆಟೋ ಚಾಲೂ ಮಾಡಿದೆ. ದಾರಿಯುದ್ದಕ್ಕೂ ನನ್ನ ಸಮಯಸ್ಫೂರ್ತಿಗೆ ನಾನೇ ಬೆನ್ನು ತಟ್ಟಿಕೊಂಡೆ. ಬೆನ್ನಿಗೆ ಅಂದು ಅದೊಂದೇ ಕೆಲಸವಲ್ಲ ಎಂಬುದು ಆಗ ತಿಳಿದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಸುಷ್ಮಾ ಸ್ನಾನಕ್ಕೆ ಹೋಗಿದ್ದಳು, ಅವ್ವ ನೀರು ಹಾಕುತ್ತಿದ್ದಳು. ಕೂಸು ರಾಗ ಎಳೆಯುತ್ತಿತ್ತು. ಊರಿಗೆಲ್ಲ ಹೇಳಿದವನು ಮನೆಯಲ್ಲಿ ಮಾಡಿ ತೋರಿಸಬೇಡವೇ? ಚಾಪೆಯ ಮೇಲೆ ಬೋರಲು ಮಲಗಿ, ಹೇಗೋ ಕೈ ತಿರುಚಿ ಮೊಮ್ಮಗಳನ್ನು ಬೆನ್ನಿಗೆ ಏರಿಸಿಕೊಂಡೆ. ಅಳು ನಿಂತಿತು. ಪುಟ್ಟ ಹೊಟ್ಟೆ ನನ್ನ ಬೆನ್ನಿಗೆ ಬೆಚ್ಚಗೆ ತಾಗಿತು. ವಿಜ್ಞಾನ ಎಷ್ಟು ಮುಂದುವರಿದಿದೆ ಎಂದುಕೊಳ್ಳುತ್ತಾ ಗೊರಕೆ ಹೊಡೆದೆ.

ಅವ್ವನ ಕೂಗಿಗೆ ಎಚ್ಚರವಾಯಿತು. ಬೆನ್ನು ಹಗುರಾಗಿತ್ತು. ಪಕ್ಕದಲ್ಲಿದ್ದ ಕೌದಿಯ ಮಡಿಕೆಗಳೊಳಗೆ ಕೂಸು ಮುಖ ಹೂತು ಬಿದ್ದಿತ್ತು. ಸದ್ದೇ ಇಲ್ಲ. ಅವ್ವ ಬಾಚಿ ಎತ್ತಿಕೊಂಡಳು. ಒದ್ದೆ ಕೂದಲಲ್ಲೇ ಓಡಿಬಂದ ಸುಷ್ಮಾ ಅದರ ಅಂಗಾಲು ಉಜ್ಜಿದಳು. ನಾನು ಗೋಡೆಗೆ ಅಂಟಿ ನಿಂತಿದ್ದೆ. ದೇವರೇ, ಅಳಲಿ, ಒಂದು ಸಲ ಅಳಲಿ ಎಂದಷ್ಟೇ ಬೇಡಿಕೊಂಡೆ.

ಅತ್ತಿತು. ಕೆಂಪಗಾಗಿ, ಕೈಕಾಲು ಬಡಿದು, ಸಿಟ್ಟಿನಿಂದ ಅತ್ತಿತು. ನಾನೂ ಅತ್ತೆ.

“ಏನ್ ಮಾಡಿದ್ಯೋ?” ಎಂದಳು ಅವ್ವ.

“ಬೆನ್ನಿನ ಮೇಲೆ ಮಲಗಿಸಿ ಅಂತ ಐತವ್ವ, ಹಾಳ್ಯಾಗೆ...”

“ಅದರ ಬೆನ್ನ ಮ್ಯಾಲೋ, ದಡ್ಡ! ಅಂಗಾತ ಮಲಗಿಸ್ರಿ ಅನ್ನಾಕೆ ಏನಾಗೈತೆ ಅವರಿಗೆ?”

ಅರುಣ್ ಕುಮಾರ್‌ಗೆ ಫೋನ್ ಮಾಡಿದೆ. “ಹೌದು ಸರ್, ಅಂಗಾತವೇ” ಎಂದರು. “ಇಂಗ್ಲಿಷಿನಲ್ಲಿ ಹಾಗಿತ್ತು, ಹಾಗೇ ಬರೆದುಬಿಟ್ಟೆವು.”

ಆಗ ಹೊಳೆಯಿತು. ಭೀಮವ್ವನಿಗೆ ಏನು ಹೇಳಿ ಬಂದಿದ್ದೆ? ಅಂಗಿಯ ಗುಂಡಿ ಕೂಡ ಹಾಕಿಕೊಳ್ಳದೆ ಹರಿಹರಕ್ಕೆ ಆಟೋ ಓಡಿಸಿದೆ. ಮೈಕ್ ಹಾಕುವುದೂ ನೆನಪಾಗಲಿಲ್ಲ. ಅವಳ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟೆ.

“ಯವ್ವಾ, ಕೂಸು ಎಲ್ಲೈತೆ? ಬೆನ್ನ ಮ್ಯಾಲೆ ಹಾಕ್ಕೊಂಡ್ರೇನು?”

ಭೀಮವ್ವ ನಕ್ಕಳು. “ನಿನ್ನ ಮಾತು ಯಾರು ಕೇಳ್ತಾರಪ್ಪ? ಕೂಸನ್ನ ಬೆನ್ನ ಮ್ಯಾಲೆ ಹೇರ್ಕೊಂಡು ನಾವು ಬೋರಲು ಬಿದ್ರೆ ರೊಟ್ಟಿ ಯಾರು ತಟ್ತಾರೆ?”

ಹಟ್ಟಿಯಲ್ಲಿ ಮನೆಮನೆ ವಿಚಾರಿಸಿದೆ. ಒಬ್ಬರೂ ಹಾಗೆ ಮಾಡಿರಲಿಲ್ಲ. ಇಡೀ ಹರಿಹರ, ದಾವಣಗೆರೆಯಲ್ಲಿ ನನ್ನ ಪ್ರಚಾರವನ್ನು ನಂಬಿ ಹಾಳಾದವನು ನಾನೊಬ್ಬನೇ. ಇಷ್ಟು ವರ್ಷದ ಕಸುಬಿನಲ್ಲಿ ಅವತ್ತಿನಷ್ಟು ಸಂತೋಷದ ಅವಮಾನ ನನಗೆ ಆಗಿರಲಿಲ್ಲ.

ಮತ್ತೆ ಅವಳ ಬಾಗಿಲಿಗೆ ಬಂದಾಗ ಭೀಮವ್ವ ನೀರು ಕೊಟ್ಟಳು. ಚೊಂಬು ಹಿಡಿದ ನನ್ನ ಕೈ ನಡುಗುತ್ತಿತ್ತು.

“ಯಾಕ, ಏನಾತು?” ಎಂದಳು.

“ನನ್ನ ಮೊಮ್ಮಗಳು ಜಾರಿ ಕೌದ್ಯಾಗೆ ಬಿದ್ದಿತ್ತು. ಮೂಗು ಮುಚ್ಚಿಹೋಗಿತ್ತು. ಉಳೀತು.” ಚೊಂಬು ಕೆಳಗಿಟ್ಟೆ. “ಅಂಗಾತ ಮಲಗಿಸ್ಬೇಕಂತ್ರಿ. ಹತ್ರ ದಿಂಬು ಬ್ಯಾಡಂತೆ, ಕೌದಿ ಬ್ಯಾಡಂತೆ.”

ಅದು ನನಗೇ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಮೆಲ್ಲಗಿತ್ತು. ಭೀಮವ್ವನ ನಗು ನಿಂತಿತು. ಒಳಗೆ ಹೋದಳು. ಮಗ್ಗುಲಾಗಿ ಮಲಗಿದ್ದ ಕೂಸನ್ನು ಅಂಗಾತ ಮಾಡಿದಳು. ತಲೆಯ ಕೆಳಗಿನ ದಿಂಬು ತೆಗೆದಳು. ಆಮೇಲೆ ಮೂಗಿನವರೆಗೆ ಹೊದಿಸಿದ್ದ ಕೌದಿಯನ್ನು ಎಳೆದು ತಂದು ನನ್ನ ಕೈಗೆ ಕೊಟ್ಟಳು.

“ತಗಾ, ಹೊದ್ಕೊ” ಎಂದಳು. “ನೀನೇ ನಡುಗಾಕತ್ತೀಯ.”