ಕಡಲ ತಿಳಿ ನೋಡಿದ ತಟ್ಟೆ

ನಾನು ಒಂದು ಕಬ್ಬಿಣದ ತಟ್ಟೆ. ಊಟದ ತಟ್ಟೆಯಲ್ಲ. ಕಾರವಾರದ ಬಂದರಿನ ಹತ್ತಿರ, ದೋಣಿಗಳ ಲಂಗರು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ನನ್ನನ್ನು ದುಂಡಗೆ ಕತ್ತರಿಸಿದರು. ಸಮುದ್ರ ವಿಜ್ಞಾನದ ಅಧ್ಯಾಪಕರಾದ ಉಲ್ಲಾಸ ತಾಂಡೇಲರು ನನಗೆ ಕಪ್ಪು ಬಿಳುಪು ಬಣ್ಣ ಬಳಿದು, ನಡುವೆ ಹಗ್ಗ ಕಟ್ಟಿ, ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಅದೇ ವಿಭಾಗದ ಶಾಲಿನಿ ಗಾಂವಕರ ಈ ಕೆಲಸದಲ್ಲಿ ಅವರ ಜೊತೆಗಾರ್ತಿ.

ತಿಂಗಳಿಗೊಮ್ಮೆ ಇಬ್ಬರೂ ನನ್ನನ್ನು ಕಾಳಿ ನದಿ ಕಡಲು ಸೇರುವ ಅಳಿವೆಗೆ ಒಯ್ಯುತ್ತಿದ್ದರು. ನೀರಿಗಿಳಿದ ನಾನು ಕಣ್ಣಿಗೆ ಮರೆಯಾದೊಡನೆ ಉಲ್ಲಾಸರು "ಹೋಯ್ತು" ಎನ್ನುವರು. ಮೇಲೆಳೆಯುವಾಗ ಮತ್ತೆ ಕಂಡೊಡನೆ ಶಾಲಿನಿಯವರು "ಬಂತು" ಎನ್ನುವರು. ಆ ಎರಡು ಆಳಗಳ ಸರಾಸರಿಯೇ ನೀರು ಎಷ್ಟು ತಿಳಿಯಾಗಿದೆ ಎಂಬುದರ ಅಳತೆ. ನದಿ ಕಡಲಿಗೆ ಎಷ್ಟು ಮಣ್ಣು ತರುತ್ತಿದೆ ಎಂಬುದು ಅದರಿಂದ ಗೊತ್ತಾಗುತ್ತಿತ್ತು.

"ಇಷ್ಟು ವರ್ಷ ಈ ಬಿಲ್ಲೆ ಮುಳುಗ್ಸಿ ಏನು ಸಿಕ್ತು ಸರ್? ಒಂದು ಬಂಗುಡೆ ಮೀನೂ ಇಲ್ಲ!" ಎಂದು ದೋಣಿ ನಡೆಸುವ ಪಾಂಡು ಹರಿಕಂತ್ರ ಛೇಡಿಸುವನು.

"ದಿಲ್ಲಿಯವರೂ ಅದನ್ನೇ ಕೇಳ್ತಾರೆ ಮಾರಾಯ," ಎಂದು ಉಲ್ಲಾಸರು ನಗುವರು.

ದೋಣಿಗೂ ಡೀಸೆಲ್ಲಿಗೂ ದಿಲ್ಲಿ ಸರ್ಕಾರದ ಸಂಶೋಧನಾ ಅನುದಾನ ಬೇಕಿತ್ತು. ಅರ್ಜಿ ಎರಡು ಸಲ ಹಿಂದೆ ಬಂತು. ಇದರಲ್ಲಿ ಹೊಸತೇನಿದೆ ಎಂದು ತಜ್ಞರ ಪ್ರಶ್ನೆ. ಮೂರನೆಯ ಸಲ ಇಬ್ಬರೂ ನನ್ನ ಪಕ್ಕದ ಮೇಜಿನಲ್ಲೇ ಕುಳಿತು, ಹಳೆಯ ಅಳತೆ ನಡುವೆ ಕಡಿಯಬಾರದು, ಕಡಿದರೆ ಹಿಂದಿನದೂ ವ್ಯರ್ಥ ಎಂದು ಬರೆದು ಕಳಿಸಿದರು. ಈ ಸಲ ಒಪ್ಪುವ ಸೂಚನೆ ಬಂತು. ಅದೇ ವಾರ ಉಲ್ಲಾಸರು ನಿದ್ದೆಯಲ್ಲಿಯೇ ತೀರಿಕೊಂಡರು.

ಉತ್ತರಕ್ರಿಯೆಗಳು ಮುಗಿದ ಮೇಲೆ ದಿಲ್ಲಿಯಿಂದ ಪತ್ರ ಬಂತು. ಸಹ-ಸಂಶೋಧಕರಾಗಿದ್ದ ಉಲ್ಲಾಸರ ಜಾಗದಲ್ಲಿ ಬೇರೆ ಹೆಸರು ಕೊಡಬೇಕು. ಇಲ್ಲವಾದರೆ ಅರ್ಜಿ ರದ್ದು. ಶಾಲಿನಿಯವರು ಕಂಪ್ಯೂಟರಿನ ಮುಂದೆ ಕುಳಿತೇ ಇದ್ದರು. ಅಳಲಿಲ್ಲ. ಮುಂದಿಟ್ಟ ಚಹಾ ಆರಿತು. ಅವರ ಶಿಷ್ಯನಾಗಿದ್ದು ಈಚೆಗೆ ಅಧ್ಯಾಪಕನಾದ ಪ್ರಸನ್ನ ಬಾಗಿಲಲ್ಲಿ ನಿಂತಿದ್ದ.

"ಅಕ್ಕೋರೆ, ನನ್ನ ಹೆಸರೇ ಹಾಕ್ಬೇಕಂತಿಲ್ಲ. ಸರ್ ಜಾಗ ಅದು."

"ಜಾಗ ಖಾಲಿ ಬಿಟ್ರೆ ಅವರ ಕೆಲಸವೇ ನಿಲ್ತದೆ. ನಿನ್ನ ಪೂರ್ತಿ ಹೆಸರು ಹೇಳು."

ಹೇಳಿದ. ಅವರು ಹಳೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು.

ಹಣ ಬಂತು. ಮೊದಲ ದಿನ ಪಾಂಡು ಕಾಯಿ ಒಡೆದು ಕಡಲಿಗೆ ಅರ್ಪಿಸಿದ. ನಾನಿಳಿದೆ. "ಹೋಯ್ತು," ಎಂದ ಪ್ರಸನ್ನ. ಮೇಲೆ ಬರುವಾಗ ನೀರಿನಾಚೆ ಶಾಲಿನಿಯವರ ಮುಖ ನನಗೆ ಕಂಡಿತು. ಕಣ್ಣು ನನ್ನ ಮೇಲೆಯೇ ಇತ್ತು. ನಾನು ದೋಣಿಯ ಅಂಚಿಗೆ ತಾಗಿದರೂ ಅವರು "ಬಂತು" ಎನ್ನಲಿಲ್ಲ.

"ಅಕ್ಕೋರೆ, ಎಷ್ಟು ಬರಕೊಳ್ಲಿ?"

"ತಪ್ಪಿತು. ಇನ್ನೊಮ್ಮೆ ಇಳಿಸು."

ಎರಡನೆಯ ಸಲ ಹೇಳಿದರು, ತರಗತಿಯಲ್ಲಿ ಹಾಜರಿ ಕರೆಯುವವರ ಹಾಗೆ. ಆಮೇಲೆ ಯಾವ ತಿಂಗಳೂ ತಪ್ಪಲಿಲ್ಲ.

ಈಗ ನನ್ನ ಬಣ್ಣ ಚಕ್ಕೆ ಎದ್ದಿದೆ, ಅಂಚನ್ನು ಉಪ್ಪು ತಿಂದಿದೆ. ನೀರಿಗಿಳಿಯಲು ಬೇರೆ ತಟ್ಟೆ ಬಂದಿದೆ. ನಾನು ಕಪಾಟಿನ ಪಕ್ಕ ಗೋಡೆಗೆ ಒರಗಿದ್ದೇನೆ. ಮೊನ್ನೆ ಮುಂದಿನ ಅನುದಾನಕ್ಕೆ ಅರ್ಜಿ ಸಿದ್ಧವಾಯಿತು. ಶಾಲಿನಿಯವರಿಗೆ ನಿವೃತ್ತಿ ಹತ್ತಿರ ಬಂದಿದೆ.

"ನನ್ನ ಹೆಸರು ತೆಗಿ ಪ್ರಸನ್ನ. ಅಲ್ಲಿ ನಮ್ಮ ವಿಭಾಗಕ್ಕೆ ಬಂದ ಹೊಸ ಹುಡುಗಿಯದು ಹಾಕು."

ಅವನಿಗೆ ಕೈ ಬರಲಿಲ್ಲ. ಶಾಲಿನಿಯವರೇ ಬಗ್ಗಿ ಅಳಿಸಿ, ಚೀಲ ಹೆಗಲಿಗೇರಿಸಿ ಮನೆಗೆ ಹೊರಟರು. ದೇವರು ಯಾರನ್ನು ಎಷ್ಟು ದಿನ ಕೆಲಸಕ್ಕೆ ಇಟ್ಟುಕೊಳ್ಳುತ್ತಾನೋ ಅಷ್ಟೇ ನಮ್ಮ ಪಾಲು ಎಂದುಕೊಳ್ಳುತ್ತೇನೆ. ಹೊರಗೆ ಹೊಸ ತಟ್ಟೆ ಹೊತ್ತ ಪಾಂಡುವಿನ ದೋಣಿ ಅಳಿವೆಯ ಕಡೆ ಹೊರಟ ಸದ್ದು ಕೇಳುತ್ತಿದೆ.